ಮೂರನೆಯ ಸಾಲಿನ ನಂತರ

ತನ್ನ ಪದ್ಯಗಳ ಧ್ವನಿಮುದ್ರಣ ಕೇಳುತ್ತಿದ್ದವಳು ಕುರ್ಚಿಯಿಂದ ದಡಕ್ಕನೆ ಎದ್ದಳು.

"ಇಲ್ಲಿ ನಾನು ಸುಮ್ಮನಿದ್ದೆನಲ್ಲ, ಅದೆಲ್ಲಿ?"

"ತೆಗೆದುಬಿಟ್ಟೆ ಮೇಡಂ," ಎಂದ ಧ್ವನಿ ತಿದ್ದುವವನು. ಅವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. "ಉಸಿರು, ಕೆಮ್ಮು, ಖಾಲಿ ಜಾಗ, ಎಲ್ಲಾ ತೆಗೆದು ಒಪ್ಪ ಮಾಡಿದೀನಿ. ನನ್ನ ಕೈಗೆ ಸಿಕ್ಕಿದ್ರೆ ನಮ್ಮತ್ತೆ ಬೈಗುಳಾನೂ ಅರ್ಧಕ್ಕೆ ಇಳಿಯುತ್ತೆ."

ಮೂಲೆಯ ಸ್ಟೂಲಿನ ಮೇಲಿದ್ದ ಅವಳ ಅಕ್ಕ ಕಿಸಕ್ಕನೆ ನಕ್ಕಳು. ಪದ್ಯ ಬರೆದವಳಿಗೆ ನಗು ಬರಲಿಲ್ಲ. 'ಅವನು ಬಾಗಿಲ ಚಿಲಕ ಹಾಕಿದ' ಎಂಬುದು ಮೂರನೆಯ ಸಾಲು. 'ನಾನು ಗೋಡೆಯ ಬಣ್ಣ ನೋಡುತ್ತಿದ್ದೆ' ಎಂಬುದು ನಾಲ್ಕನೆಯದು. ಅವನು ಯಾರೆಂದು ಬರೆಯಲು ಕೈ ಬಾರದೆ ನಡುವೆ ಖಾಲಿ ಬಿಟ್ಟಿದ್ದಳು. ಓದುವಾಗಲೂ ಅಲ್ಲಿ ನಿಂತಿದ್ದಳು. ಈಗ ನಡುವೆ ಏನೂ ನಡೆದೇ ಇಲ್ಲವೆಂಬಂತೆ ಅವಳ ದನಿ ಸರಸರನೆ ದಾಟಿಹೋಗುತ್ತಿತ್ತು.

"ವಾಪಸ್ ಹಾಕಿ."

"ಮೊದಲಿನದು ಅಳಿಸಿಹೋಯ್ತು. ತಪ್ಪು ನನ್ನದೇ. ಇನ್ನೊಂದ್ಸಲ ಓದಿಬಿಡ್ತೀರಾ?"

"ಬೇಡ ಬಿಡೇ, ಇದೇ ಚೆನ್ನಾಗಿದೆ," ಎಂದಳು ಅಕ್ಕ. "ಯಾರು ಅಂತ ಗೊತ್ತಾಗದ ಹಾಗಿದ್ರೆ ಏನಾದ್ರೂ ಮಾಡ್ಕೊಳ್ಳಿ ಅಂದಿದಾಳೆ ಅಮ್ಮ. ಅವಳು ಅಷ್ಟು ಒಪ್ಪಿದ್ದೇ ಹೆಚ್ಚು. ಮತ್ತೆ ಯಾಕೆ ಕೆದಕ್ತೀಯಾ?"

ತಂಗಿ ಬಾಗಿಲವರೆಗೆ ಹೋದಳು, ಮರಳಿದಳು. ನೀರು ಕುಡಿಯಲು ಲೋಟ ಎತ್ತಿ ಹಾಗೇ ಇಟ್ಟಳು. ಕೊನೆಗೆ ಮೈಕಿನ ಮುಂದೆ ಕೂತಳು.

"ಇನ್ನು ಯಾರೂ ಪಿಟ್ಟೆನ್ನಬಾರದು," ಎಂದು ಕತ್ತರಿ ಕೆಂಪು ದೀಪ ಹಾಕಿದ.

ಮೊದಲೆರಡು ಸಾಲು ಸಲೀಸಾಗಿ ಹೋದವು. ಮೂರನೆಯದು ಮುಗಿಯಿತು. ಅವಳು ನಿಂತಳು. ಹೋದ ಸಲ ಆಸರೆಯಾಗಿದ್ದ ಮೌನ ಈ ಸಲ ನಿಲ್ಲಗೊಡಲಿಲ್ಲ. ಸುಮ್ಮನಿದ್ದರೆ ನಾಳೆ ಇನ್ಯಾರೋ ಇದನ್ನೂ ಒಪ್ಪ ಮಾಡುತ್ತಾರೆ ಎನ್ನಿಸಿತು.

"ಅವನು ನನ್ನ ಅಮ್ಮನ ತಮ್ಮ," ಎಂದಳು.

ಅಕ್ಕ ಬಾಯಿ ತೆರೆದಳು. ಕತ್ತರಿ ತನ್ನ ಹಾಳೆಯಲ್ಲಿ ಆ ಸಾಲು ಹುಡುಕಿದ, ಸಿಗಲಿಲ್ಲ. ಓದುತ್ತಿದ್ದವಳ ಮುಖ ನೋಡಿದ. ಅಕ್ಕನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟ.

ಅವಳು ನಾಲ್ಕನೆಯ ಸಾಲಿಗೆ ಹೋದಳು. ದನಿ ನಿಲ್ಲಲಿಲ್ಲ.