ಆಬ್ರಾಮನ ಮನೆಯ ಶುಕ್ರವಾರ

ನಕ್ಷೆ ತಲೆಕೆಳಗಾಗಿದೆ ಎಂದು ಇರ್ಮಾ ಹಟ ಹಿಡಿದರು.

"ಓಮಾ, ಮೇಲ್ಗಡೆ ಉತ್ತರ. ಪ್ರಪಂಚದ ಎಲ್ಲಾ ಮ್ಯಾಪ್‌ನಲ್ಲೂ ಹಾಗೇನೇ," ಎಂದೆ ನಾನು.

"ಪ್ರಪಂಚದ್ದು ನನಗೆ ಗೊತ್ತಿಲ್ಲ. ನಮ್ಮೂರಲ್ಲಿ ಮೇಲೆ ಅಂದ್ರೆ ಹಳ್ಳದ ನೀರು ಬರೋ ಕಡೆ. ತಿರುಗಿಸು."

ತಿರುಗಿಸಿದೆ. ನನ್ನ ಹೊಟ್ಟೆಪಾಡೇ ಮ್ಯಾಪು. ಅಮೆರಿಕದ ರೆಡ್ಮಂಡ್‌ನ ಆಫೀಸಿನಲ್ಲಿ ದಿನವಿಡೀ ಉತ್ತರವನ್ನು ಮೇಲಿಟ್ಟುಕೊಂಡೇ ಬದುಕುವವಳು. ಆದರೆ ನೀರು ಬರುವ ಕಡೆಯೇ ಮೇಲು ಎಂಬುದು ನನಗೇನೂ ಹೊಸದಲ್ಲ. ಚಾಮರಾಜನಗರದ ಕಡೆಯ ನಮ್ಮೂರಲ್ಲೂ ಕಾಲುವೆ ಮೊದಲು ಮುಟ್ಟುವುದು ಮೇಲಿನ ಬೀದಿಯನ್ನು. ಅವರು ಕುಡಿದು, ಬಟ್ಟೆ ಒಗೆದು, ದನದ ಮೈ ತೊಳೆದು ಮಿಕ್ಕಿದ್ದು ನಮ್ಮ ಕೇರಿಗೆ.

ಇರ್ಮಾ ಈಸ್ಟ್‌ಗೇಟ್‌ನಲ್ಲಿ ನಮ್ಮ ಪಕ್ಕದ ಮನೆಯವರು. ನಡುವೆ ಒಂದು ಬೇಲಿ, ಬೇಲಿಯ ತುದಿಯಾಚೆ ಹೆದ್ದಾರಿಯ ಮೊರೆತ. ವಯಸ್ಸು ಎಂಬತ್ತು ದಾಟಿತ್ತು. ನನ್ನ ಮಗಳು ಜಾಹ್ನವಿ ಅವರನ್ನು ಓಮಾ ಎನ್ನುತ್ತಾಳೆ. ಅವರ ಭಾಷೆಯಲ್ಲಿ ಅಜ್ಜಿ ಎಂದರ್ಥ. ಅಷ್ಟು ಹಿರಿಯ ಹೆಂಗಸನ್ನು ಇಲ್ಲಿಯವರ ಹಾಗೆ ಬರೀ ಹೆಸರು ಹಿಡಿದು ಕೂಗಲು ನಾಲಿಗೆ ಏಳದೆ ನಾನೂ ಓಮಾ ಎಂದೇ ಕರೆಯುತ್ತಿದ್ದೆ. ಅಮೆರಿಕದ ಸೈನಿಕನೊಬ್ಬನನ್ನು ಮದುವೆಯಾಗಿ ಹರೆಯದಲ್ಲೇ ಬಂದವರು. ಗಂಡ ತೀರಿಕೊಂಡಾಗ ಅವನ ಇಷ್ಟದಂತೆ ಬೂದಿಯನ್ನು ಇಲ್ಲಿಯ ಸಮುದ್ರಕ್ಕೆ ಬಿಟ್ಟಿದ್ದರು. ತಮ್ಮ ಬೂದಿ ಮಾತ್ರ ಜರ್ಮನಿಯ ಎಲ್ಲರ್ನ್‌ಗ್ರುಂಡ್‌ಗೆ ಹೋಗಬೇಕು, ಚರ್ಚಿನ ದಿಣ್ಣೆಯ ಮೇಲೆ ಅಮ್ಮನ ಗೋರಿಯೊಳಗೇ ಸೇರಬೇಕು. ಬೇರೆ ಯಾವ ಆಸೆಯನ್ನೂ ಅವರ ಬಾಯಲ್ಲಿ ನಾನು ಕೇಳಿರಲಿಲ್ಲ.

ಅಲ್ಲಿ ಗೋರಿಯ ನೆಲವೂ ಗುತ್ತಿಗೆಯದು. ವಾಯಿದೆ ಮುಗಿದಾಗ ಮನೆಯವರು ಮುಂದುವರಿಸಬೇಕು, ಗುತ್ತಿಗೆ ಯಾರ ಹೆಸರಿನಲ್ಲಿದೆಯೋ ಅವರು ಹೂಂ ಎಂದರೆ ಮಾತ್ರ ಇನ್ನೊಬ್ಬರಿಗೆ ಜಾಗ. ಅದು ಇದ್ದದ್ದು ಓಮಾ ಅವರ ಅಣ್ಣನ ಮಗ ಡೀಟರ್‌ನ ಹೆಸರಿನಲ್ಲಿ. ಅವನು ಹೂಂ ಎಂದಿದ್ದ.

ಅದೇ ಡೀಟರ್ 2016ರಲ್ಲಿ ಊರಿನ ಎಂಟುನೂರನೇ ವರ್ಷದ ಉತ್ಸವಕ್ಕೆ ಸಮಿತಿಯ ಅಧ್ಯಕ್ಷ. ಪುಸ್ತಕವೊಂದು ಬರುತ್ತಿತ್ತು. ಯುದ್ಧಕಾಲದ ಊರನ್ನು ಕಣ್ಣಾರೆ ಕಂಡವರಲ್ಲಿ ನೆನಪು ಗಟ್ಟಿಯಿದ್ದವರು ಅವನ ಈ ಅತ್ತೆಯೊಬ್ಬರೇ. "ಯಾವ ಮನೆ ಎಲ್ಲಿತ್ತು, ಅದಕ್ಕೆ ಏನಂತಿದ್ರು, ಎಲ್ಲಾ ಬರೆದು ಕಳಿಸಿ. ಊರ ಗಡಿಯೊಳಗಿನದಷ್ಟೇ ಸಾಕು, ಒಂದು ಹಾಳೆ," ಎಂದು ಅವನ ಕೋರಿಕೆ. ಓಮಾ ಅವರ ಕೈ ನಡುಗುತ್ತಿತ್ತು. ಹಾಗಾಗಿ ಶನಿವಾರ ಮಧ್ಯಾಹ್ನಗಳಲ್ಲಿ ಅವರು ಹೇಳುವುದು, ನಾನು ಲ್ಯಾಪ್‌ಟಾಪಿನಲ್ಲಿ ಬಿಡಿಸುವುದು ಎಂದಾಯಿತು.

ಎರಡು ಗುಡ್ಡಗಳ ನಡುವೆ ಬಟ್ಟಲಿನಂಥ ಜಾಗ. ಬಟ್ಟಲನ್ನು ಸೀಳಿಕೊಂಡು ಹಳ್ಳ. ಹಳ್ಳದ ತಲೆಯಲ್ಲಿ ಹಿಟ್ಟಿನ ಗಿರಣಿ, ಕೆಳಗೆ ಬಂದರೆ ಚರ್ಚಿನ ದಿಣ್ಣೆ, ಅದರ ಬುಡದಲ್ಲಿ ಜೋಡೆತ್ತಿನ ರೈತರ ದೊಡ್ಡ ಮನೆಗಳು, ಕಪ್ಪು ಕಲ್ಲುಹಲಗೆಯ ಮಾಡುಗಳು. ಇನ್ನೂ ಕೆಳಗೆ, ಮಳೆ ಹೆಚ್ಚಾದಾಗ ಹಳ್ಳ ಉಕ್ಕಿ ನೀರು ನುಗ್ಗುವ ಕಡೆ, ಒತ್ತೊತ್ತಾಗಿ ಸಣ್ಣ ಮನೆಗಳ ಒಂದು ಓಣಿ.

ಊರು ಹದಿನೇಳನೇ ಶತಮಾನದ ಮೂವತ್ತು ವರ್ಷದ ಯುದ್ಧದಲ್ಲಿ ಒಮ್ಮೆ ಸುಟ್ಟು ಹೋಗಿತ್ತಂತೆ, ಉಳಿದದ್ದು ಗಂಟೆಗೋಪುರ ಮಾತ್ರ. ಆಲೂಗಡ್ಡೆ ಕೊಳೆತ ವರ್ಷಗಳಲ್ಲಿ ಅರ್ಧ ಊರು ಹಡಗು ಹತ್ತಿ ಅಮೆರಿಕಕ್ಕೆ ಬಂದಿತ್ತಂತೆ. ಮನೆ ಕಟ್ಟಿದ ಸರದಿಯಲ್ಲೇ ನಂಬರು ಕೊಟ್ಟಿದ್ದರಿಂದ ಒಂದರ ಪಕ್ಕದ ಮನೆ ನಲವತ್ತೇಳು. ನನ್ನ ಸಾಫ್ಟ್‌ವೇರು ಇದನ್ನು ಒಪ್ಪಲೇ ಇಲ್ಲ. ನಲವತ್ತೇಳನ್ನು ಎತ್ತಿ ಎತ್ತಿ ಊರಾಚೆ ಎಸೆಯುತ್ತಿತ್ತು.

"ನಂಬರ್ ಬಿಡು. ಊರಲ್ಲಿ ಯಾರೂ ನಂಬರ್ ಹೇಳಲ್ಲ. ಮನೆಗೆ ಹೆಸರಿರುತ್ತೆ. ಕಮ್ಮಾರ ಸತ್ತು ನೂರು ವರ್ಷ ಆದ್ರೂ, ಅಲ್ಲಿ ಮೇಷ್ಟ್ರೇ ಇರಲಿ, ಪೊಲೀಸೇ ಇರಲಿ, ಅದು ಕಮ್ಮಾರರ ಮನೆನೇ. ಅಲ್ಲಿ ಹುಟ್ಟಿದ ಮಗುನೂ ಕಮ್ಮಾರರ ಮನೆದು."

ಊರೊಟ್ಟಿನ ಒಲೆಮನೆಯೂ ಇತ್ತು. ರೊಟ್ಟಿ ಸುಡುವ ದೊಡ್ಡ ಕಲ್ಲಿನ ಒಲೆ. ಒಂದೊಂದು ಮನೆಗೆ ವಾರದ ಒಂದೊಂದು ಪಾಳಿ, ಮಾಲೀಕರು ಬದಲಾದರೂ ಪಾಳಿ ಬದಲಾಗದು. ಅದನ್ನೂ ಮನೆಗಳ ಪಕ್ಕದಲ್ಲಿ ಗುರುತು ಮಾಡುತ್ತ ಬಂದೆ. ಗಿರಣಿಯವರಿಗೆ ಸೋಮವಾರ, ಕಮ್ಮಾರರಿಗೆ ಮಂಗಳವಾರ.

"ನಿಮ್ಮನೆ ಎಲ್ಲಿ ಓಮಾ?"

ಅವರು ಸೇತುವೆಯ ಪಕ್ಕ, ಕೆಳಗಿನ ಓಣಿಯ ಬಾಯಲ್ಲಿ ಬೆರಳಿಟ್ಟರು. "ನಮ್ಮದು ಶುಕ್ರವಾರ."

"ದೊಡ್ಡ ಮನೆಗಳಿಗೆಲ್ಲಾ ವಾರದ ಮೊದಲೇ ಪಾಳಿ. ಶುಕ್ರವಾರ ಈ ಓಣಿಯೋರಿಗೆ ಮಾತ್ರನಾ?"

"ಓಣಿಯೋರಿಗೆ ಶನಿವಾರ ಬೆಂಕಿ ಮುಟ್ಟೋ ಹಾಗಿರಲಿಲ್ಲ. ಅದಕ್ಕೇ ಹಿಂದಿನ ದಿನ ಸುಡ್ತಿದ್ರು."

ನಾನು ತಲೆಯೆತ್ತಿದೆ. ಶನಿವಾರ ಬೆಂಕಿ ಮುಟ್ಟದವರು ಯಾರೆಂದು ನನಗೂ ಗೊತ್ತು. "ಓಮಾ, ನೀವು ಯಹೂದಿಗಳಾ?"

"ಅಲ್ಲ," ಎಂದರು. ಎದ್ದು ಹೋಗಿ ಕೆಟಲ್ ಹಾಕಿದರು. ಬೆನ್ನು ನನ್ನ ಕಡೆ ಇತ್ತು. "ಮನೆ ಹೆಸರು ಬರ್ಕೋ. ಆಬ್ರಾಮನ ಮನೆ."

ಚಹಾ ಆರುವ ತನಕ ಹೇಳಿದರು. ದನದ ವ್ಯಾಪಾರಿ ಆಬ್ರಾಮ್, ಅವನ ಹೆಂಡತಿ ರೋಸಾ, ಎರಡು ಮಕ್ಕಳು. 1938ರ ಚಳಿಗಾಲದಲ್ಲಿ ಅವರು ಊರು ಬಿಟ್ಟರು. ಮನೆ ಓಮಾ ಅವರ ಅಪ್ಪನಿಗೆ ಬಂತು. ಓಮಾ ಆಗ ಮೂರು ವರ್ಷದ ಕೂಸು. ಫ್ರಾಂಕ್‌ಫರ್ಟ್ ತನಕ ಹೋದವರನ್ನು ಅಲ್ಲಿಂದ ಸಾವಿನ ಶಿಬಿರದ ರೈಲಿಗೆ ತುಂಬಿದರು. ಯಾರೂ ತಿರುಗಿ ಬರಲಿಲ್ಲ.

"ಕಾಗದದಲ್ಲಿ ಅಪ್ಪ ಕೊಂಡಿದ್ದು ಅಂತಿದೆ. ಜೀವ ಉಳಿದ್ರೆ ಸಾಕು ಅಂತ ಓಡ್ತಿರೋನ ಹತ್ರ ತಗೊಂಡಿದ್ದನ್ನ ಕೊಂಡಿದ್ದು ಅಂತಾರಾ? ನಾನು ಸ್ಕೂಲಲ್ಲೂ ಆಬ್ರಾಮನ ಮನೆ ಇರ್ಮಾ. ಯಾಕೆ ಅಂತ ಕೇಳೋಕೆ ತೋಚಿರಲಿಲ್ಲ. ದೊಡ್ಡವಳಾದ ಮೇಲೆ ಒಂದು ದಿನ ಒಲೆಮನೇಲಿ ಗಿರಣಿಯ ಮುದುಕಿ ಅಮ್ಮನಿಗೆ, 'ಈ ಶುಕ್ರವಾರ ರೋಸಾಳದು, ನೀನು ಬರೀ ಹಿಟ್ಟು ತಂದಿದೀಯ' ಅಂದಳು. ಮನೆಗೆ ಬಂದು ಅಮ್ಮನ್ನ ಕೇಳಿದೆ, ರೋಸಾ ಯಾರು ಅಂತ. ಅಮ್ಮ ಹಿಟ್ಟಿನ ಕೈಯಲ್ಲೇ ಕೆನ್ನೆಗೆ ಬಿಟ್ಟಳು. ಹಿಟ್ಟು ಕೆನ್ನೆ ಮೇಲೆ ಒಣಗಿ ಬಿಗೀತು. ಈಗಲೂ ಮುಖ ತೊಳೀವಾಗ ಒಂದೊಂದ್ಸಲ ಬಿಗಿದ ಹಾಗಾಗುತ್ತೆ."

"ಅದೇ ಅಮ್ಮನ ಪಕ್ಕದಲ್ಲೇ ಮಲಗಬೇಕಾ ನಿಮಗೆ?"

"ನನಗಿದ್ದ ಅಮ್ಮ ಅವಳೊಬ್ಬಳೇ ಅಲ್ವಾ?"

ನ್ಯಾಯದ ಮಾತು ಎಷ್ಟು ಬೇಗ ಕಲ್ಲಾಗಿಬಿಡುತ್ತದೆ! ಕೈಯಲ್ಲಿ ಹಿಡಿದವರಿಗೆ ಅದರ ಭಾರ ಗೊತ್ತಾಗುವುದಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ಡೀಟರ್ ವಿಡಿಯೋ ಕಾಲ್ ಮಾಡಿದ, ಅಲ್ಲಿ ಸಂಜೆ. ಕೆಂಪು ಕೆನ್ನೆಯ, ನಗುಮುಖದ ಗಂಡಸು. ನನ್ನ ಸಲುವಾಗಿ ಇಂಗ್ಲಿಷಿನಲ್ಲೇ ಮಾತಾಡಿದ. ನಾವು ಕಳಿಸಿದ್ದ ಕರಡು ನಕ್ಷೆಯನ್ನು ಹೊಗಳಿ ಹೊಗಳಿ, ಕೊನೆಗೆ ಸೇತುವೆಗೆ ಬಂದ.

"ಅತ್ತೆ, ಆ ಮನೆಗೆ ಸೇತುವೆ ಮನೆ ಅಂತ ಬರೆದರೆ ಹೇಗೆ? ಚೆನ್ನಾಗಿರುತ್ತೆ."

"ಆ ಹೆಸರಿನ ಮನೆ ನಮ್ಮೂರಲ್ಲಿಲ್ಲ. ನಿನ್ನನ್ನ ಊರೋರು ಏನಂತ ಕರೀತಾರೆ?"

ಅವನು ನಕ್ಕ. "ಮುದುಕರು ಕರೀತಾರೆ ಬಿಡಿ, ಆಬ್ರಾಮನ ಮನೆ ಡೀಟರ್ ಅಂತ. ಬಾಯಲ್ಲಿದ್ರೆ ಯಾರಿಗೂ ನೋವಿಲ್ಲ. ಪುಸ್ತಕದಲ್ಲಿ ಬಂದ್ರೆ ನನ್ನ ಮಕ್ಕಳನ್ನ ಜನ ಕೇಳ್ತಾರೆ. ಅವರೇನು ತಪ್ಪು ಮಾಡಿದಾರೆ? ಹಳೇದನ್ನ ಯಾಕೆ ಕೆದಕಬೇಕು?" ಆಮೇಲೆ, ಅದೇ ಮೆದು ದನಿಯಲ್ಲಿ, "ನೀವು ನಮ್ಮ ಜೊತೆ ಮಲಗೋಕೆ ಬರ್ತೀರ. ಮನೆಯೋರ ಮನಸ್ಸು ಮುರಿದು ಬರಬೇಡಿ," ಎಂದ.

ಬೆದರಿಕೆ ಇಷ್ಟು ನಯವಾಗಿರುತ್ತದೆ. ಓಮಾ ಸ್ಕ್ರೀನನ್ನು ನೋಡುತ್ತಲೇ ಇದ್ದರು, ಅವನು ಹೋದ ಮೇಲೂ.

ಆ ಮಧ್ಯಾಹ್ನ ನಮ್ಮ ಊಟದ ಮೇಜಿನ ಮೇಲೆ ನಕ್ಷೆಯ ಪ್ರಿಂಟು ಹರಡಿಕೊಂಡಿತ್ತು, ಎದುರಿಗೆ ಓಮಾ. ಕನ್ನಡ ತರಗತಿಯಿಂದ ಜಾಹ್ನವಿಯನ್ನು ಕರೆತಂದ ಜಾನಕಿ ಒಳಗೆ ಬಂದರು. ಮೈಸೂರಿನವರು, ಎರಡು ಬೀದಿಯಾಚೆ ಮನೆ. "ಏನ್ರೀ ನಂದಿತಾ, ವೀಕೆಂಡೂ ಆಫೀಸ್ ಕೆಲ್ಸಾನಾ?"

ಓಮಾ ಕತೆಯನ್ನು ಕನ್ನಡದಲ್ಲೇ ಚುಟುಕಾಗಿ ಹೇಳಿದೆ.

"ಅಯ್ಯೋ ಪಾಪ, ವಯಸ್ಸಾದವ್ರು. ಹಳೇದನ್ನೆಲ್ಲಾ ಯಾಕ್ರೀ ಕೆದಕಿಸ್ತೀರಾ? ಗೋರಿ ಜಾಗನೂ ಕಳ್ಕೊಂಡ್ರೆ?"

"ಅವರ ಅಣ್ಣನ ಮಗಾನೂ ಇದೇ ಮಾತಂದ. ನೀವಿಬ್ರೂ ಒಂದೇ ಊರೋರೇನೋ ಅಂದ್ಕೊಂಡೆ."

ಜಾನಕಿ ನಕ್ಕರು, ಆದರೆ ತಟ್ಟಿತ್ತು. ಮೊದಲ ಸಲ ಭೇಟಿಯಾದಾಗ ಅವರು ನನ್ನ ಊರು ಕೇಳಿ, ಅಲ್ಲಿಗೇ ಬಿಡದೆ, "ಊರಲ್ಲಿ ಯಾವ ಬೀದಿ?" ಎಂದಿದ್ದರು. "ಬೀದಿ ಅಲ್ಲ, ಕೇರಿ," ಎಂದಿದ್ದೆ. ಆಮೇಲೂ ಪೂಜೆಗೆ ಕರೆ ಬರುತ್ತದೆ, ಊಟ ಬರುತ್ತದೆ; ಕೈಜೋಡಿಸಲು ಅಡುಗೆಮನೆಯ ಕಡೆ ಹೊರಟರೆ ಮಾತ್ರ, "ಅಯ್ಯೋ, ನೀವು ಗೆಸ್ಟು, ಕೂತ್ಕೊಳ್ಳಿ!" ಈ ಕೂತ್ಕೊಳ್ಳಿಯಲ್ಲೂ ಒಂದು ಊರಿನ ಗಡಿ ಇದೆ. ಹತ್ತು ಸಾವಿರ ಮೈಲಿ ದೂರಕ್ಕೂ ಅದನ್ನು ಮಡಿಚಿ ತರುತ್ತಾರೆ ನಮ್ಮವರು.

ಅವರು ಹೋದ ಮೇಲೆ ಓಮಾ ಕನ್ನಡಕ ಏರಿಸಿ ನಕ್ಷೆಯ ಮೇಲೆ ಬಗ್ಗಿದರು. "ಅವರನ್ನ ಹೂಳೋ ಜಾಗ ಎಲ್ಲಿ?"

"ಯಾರನ್ನ?"

"ಓಣಿಯೋರನ್ನ. ಗುಡ್ಡದ ಹಿಂದೆ, ಕಾಡಂಚಿಗೆ. ಹೆಣಾನ ಊರ ನಡುವೆ ತಗೊಂಡು ಹೋಗೋ ಹಾಗಿರಲಿಲ್ಲ, ಹಳ್ಳದ ಬಳಸುದಾರಿ."

ಅದು ನಕ್ಷೆಯಲ್ಲಿರಲಿಲ್ಲ. ಊರ ಗಡಿಯೊಳಗಿನದಷ್ಟೇ ಸಾಕು ಎಂದು ಡೀಟರ್ ಹೇಳಿದ್ದನಲ್ಲ, ಮೊದಲ ದಿನವೇ ನಾನು ಗಡಿಗೆ ಸರಿಯಾಗಿ ಚೌಕಟ್ಟು ಎಳೆದು, ಹೊರಗಿನದನ್ನು ಕತ್ತರಿಸಿ ಎಸೆದಿದ್ದೆ. ನಾನು! ತಾತನ ಹೆಣವನ್ನು ಮೇಲಿನ ಬೀದಿ ಬಿಟ್ಟು ಕೆರೆಯ ಹಿಂದಿನಿಂದ, ಮೊಣಕಾಲುದ್ದ ಕೆಸರಿನಲ್ಲಿ ಹೊತ್ತೊಯ್ದದ್ದನ್ನು ಕಂಡವಳು. ಯಾರೂ ಬಲವಂತ ಮಾಡಿರಲಿಲ್ಲ. ಚೌಕಟ್ಟು ಚೆಂದ ಕಾಣಲೆಂದು ಕತ್ತರಿಸಿದ್ದೆ.

"ಹಾಳೆ ದೊಡ್ಡದು ಮಾಡ್ತೀನಿ ಓಮಾ," ಎಂದೆ.

"ಮಾಡು."

ಗಡಿಯನ್ನು ದಾಟಿಸಿದೆ. ಬಳಸುದಾರಿ ಬಂತು, ಕಾಡಂಚು ಬಂತು, ಅಲ್ಲಿಯ ವಾಲಿದ ಕಲ್ಲುಗಳು ಬಂದವು. ಸೇತುವೆಯ ಪಕ್ಕದಲ್ಲಿ ಓಮಾ ಹೇಳಿದ ಅಕ್ಷರಗಳನ್ನು ಒಂದೊಂದಾಗಿ ಕೂರಿಸಿದೆ: ಆಬ್ರಾಮನ ಮನೆ, ರೋಸಾಳ ಶುಕ್ರವಾರ.

ಕಳಿಸುವ ಬಟನ್ ಒತ್ತುವ ಮೊದಲು ಕೇಳಿದೆ. "ಇನ್ನೊಂದ್ಸಲ ಯೋಚ್ನೆ ಮಾಡಿ. ನನ್ನ ಸಿಟ್ಟಿಗೋಸ್ಕರ ನೀವು ನಿಮ್ಮ ಜಾಗ ಕಳ್ಕೋಬೇಡಿ."

"ನಿನ್ನ ಸಿಟ್ಟು ನಿನಗಿರಲಿ, ಬೇಕಾಗುತ್ತೆ," ಎಂದು ಓಮಾ ನಡುಗುವ ತಮ್ಮ ಬೆರಳನ್ನೇ ಇಟ್ಟು ಒತ್ತಿದರು. ಮೊದಲ ಸಲ ತಪ್ಪಿತು. ಇನ್ನೊಮ್ಮೆ ಒತ್ತಿದರು.

ಡೀಟರ್ ಕಾಲ್ ಮಾಡಲಿಲ್ಲ, ಎರಡು ಸಾಲಿನ ಸಂದೇಶ ಬಂತು. ಪುಸ್ತಕಕ್ಕೆ ಸಮಿತಿ ಬೇರೆ ನಕ್ಷೆ ಬಳಸುತ್ತದೆ. ಗೋರಿಯಲ್ಲಿ ಉಳಿದ ಜಾಗವನ್ನು ಅವನ ಹೆಂಡತಿಯ ಕಡೆಯವರಿಗೆಂದು ಇಟ್ಟುಕೊಳ್ಳುತ್ತಾರೆ. ಓದಿ ಹೇಳಿದೆ. ಓಮಾ ಕೇಳಿಸಿಕೊಂಡು, ಕರವಸ್ತ್ರದಿಂದ ಮೂಗು ಒರೆಸಿಕೊಂಡು, ಜಾಹ್ನವಿಗೆ ಬಿಸ್ಕತ್ತು ಕೊಟ್ಟರು. ಆ ವಾರವೆಲ್ಲ ಅವರ ಮನೆಯ ಪರದೆ ತೆರೆಯಲಿಲ್ಲ.

"ಆ ಕಾಡಂಚಿನ ಜಾಗದಲ್ಲೇ ಕೇಳಿ ನೋಡೋಣ್ವಾ?" ಎಂದು ನಾನೊಮ್ಮೆ ಬೇಲಿಯ ಬಳಿ ಪೆದ್ದುಪೆದ್ದಾಗಿ ಅಂದುಬಿಟ್ಟೆ.

"ಬೇಡ. ಅದು ಅವರ ಇನ್ನೊಂದು ಮನೆ ಹಿಡಿದ ಹಾಗಾಗುತ್ತೆ," ಎಂದರು.

ಅಕ್ಟೋಬರಿನ ಒಂದು ಶನಿವಾರ ತಾವಾಗಿಯೇ ಕೋಟು ತೊಟ್ಟು ನಮ್ಮ ಬಾಗಿಲಿಗೆ ಬಂದರು. "ಡ್ರೈವ್ ಮಾಡ್ತೀಯಾ?" ಹತ್ತಿರದ ಗುಡ್ಡದ ಇಳಿಜಾರಿನಲ್ಲಿದ್ದ ಸ್ಮಶಾನಕ್ಕೆ ಹೋದೆವು. ತುಂತುರು ಇತ್ತು. ಅಲ್ಲಿಯ ಆಫೀಸಿನ ಹುಡುಗಿ ಪುಟ್ಟ ಬಾವುಟ ನೆಟ್ಟಿದ್ದ ಖಾಲಿ ಜಾಗ ತೋರಿಸಿ, ಸಣ್ಣ ಕಲ್ಲಿನಲ್ಲಿ ಹೆಸರು ಕೆತ್ತಿಸಬಹುದು ಎಂದು ಹೇಳಿ ಆಚೆ ನಿಂತಳು.

ಓಮಾ ಬಾವುಟದ ಸುತ್ತ ಒಂದು ಸುತ್ತು ಬಂದರು. "ಇಲ್ಲಿ ಮೇಲೆ ಯಾವ ಕಡೆ?"

"ಉತ್ತರಾನಾ?"

"ನೀರು ಬರೋ ಕಡೆ, ದಡ್ಡಿ. ನನ್ನ ತಲೆ ಆ ಕಡೆ ಇರಬೇಕು."

"ಬೂದಿಗೆ ಎಲ್ಲಿಯ ತಲೆ ಓಮಾ?"

"ಹೆಸರಿಗಿದೆಯಲ್ಲ. ಕಲ್ಲು ಹಾಗೆ ಕೂರಿಸಲಿ."

ಇಳಿಜಾರು ಅಷ್ಟಾಗಿ ಕಾಣುತ್ತಿರಲಿಲ್ಲ. ಕಾರಿನಿಂದ ಬಾಟಲಿ ತಂದು, ಹುಲ್ಲು ಎದ್ದುಹೋದ ಮಣ್ಣಿನ ಮೇಲೆ ನೀರು ಸುರಿದೆ. ಇಬ್ಬರೂ ಬಗ್ಗಿ ನೋಡಿದೆವು. ನೀರು ಅಲ್ಲಿದ್ದ ಪುಟ್ಟ ಗುಂಡಿಯೊಳಗೆ ಒಂದು ಗಳಿಗೆ ನಿಂತು, ಯೋಚಿಸಿದಂತೆ ಮಾಡಿ, ನಮ್ಮ ಈಸ್ಟ್‌ಗೇಟ್ ಇರುವ ದಿಕ್ಕಿಗೆ ಹರಿಯತೊಡಗಿತು.

"ನಿಮ್ಮ ಮನೆ ಕಡೆ ಕಾಲು ಚಾಚ್ತಾ ಇದೀನಿ, ಬೇಜಾರಿಲ್ವಾ?" ಎಂದರು ಓಮಾ.

"ಚಾಚಿ," ಎಂದೆ. ಇನ್ನಷ್ಟು ನೀರು ಸುರಿದೆ, ಅವರು ಇನ್ನೂ ನೋಡುತ್ತಿದ್ದರು.