ಗಂಗಾಳ ವಿಡಿಯೋ ಇದ್ದ ಡಿಸ್ಕ್

ಬೆಂಗಳೂರಿನ ಡಾಕ್ಟರು ಬೆಳಿಗ್ಗೆಯೇ ಫೋನ್ ಮಾಡಿದ್ದರು.

"ಮಗೂಗೆ ಮೊದಲ ಸಲ ಫಿಟ್ಸ್ ಬಂದಿದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ ಅಂದಿದ್ರಲ್ಲ, ನಾಳೆ ಬರುವಾಗ ತನ್ನಿ. ಯಾವ ಕಡೆಯಿಂದ ಶುರುವಾಯ್ತು ಅಂತ ನೋಡದೆ ಮಾತ್ರೆ ಬದಲಾಯಿಸೋದು ಬೇಡ."

"ತರ್ತೀವಿ ಸರ್," ಎಂದಳು ಸುಮನಾ. ಎಡಗೈಯಿಂದಲೇ ಶುರುವಾಗಿದ್ದು ಎಂದು ಕಂಡ ಡಾಕ್ಟರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಎರಡು ವರ್ಷದ ಹಿಂದೆ ಮಗಳು ಗಂಗಾ ಆಟವಾಡುವುದನ್ನು ಗಂಡ ಬಸವರಾಜ್ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದಾಗಲೇ ಅದು ಬಂದಿತ್ತು. ಆಮೇಲೆ ಆ ವಿಡಿಯೋ ನೋಡುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ತುಮಕೂರಿನ ಅವರ ಮನೆಯಲ್ಲಿ ಕಂಪ್ಯೂಟರ್ ಬದಲಾಗಿ ಮೂರು ತಿಂಗಳಾಗಿತ್ತು. ಹಳೇ ವಿಂಡೋಸ್ ಕಂಪ್ಯೂಟರಿಗೆ ಪದೇ ಪದೇ ವೈರಸ್ ಹತ್ತಿ ಬೇಸತ್ತ ಬಸವರಾಜ್, ಕುಣಿಗಲ್ಲಿನ ಪ್ರೆಸ್ಸಿನ ಅಹಮದ್ ಪಾಷಾ ಅವರಿಂದ ಸೆಕೆಂಡ್ ಹ್ಯಾಂಡ್ ಮ್ಯಾಕ್ ಕಂಪ್ಯೂಟರ್ ತಂದಿದ್ದ. ಫೋಟೋ, ವಿಡಿಯೋಗಳನ್ನೆಲ್ಲ ವರ್ಷವಾರು ಫೋಲ್ಡರ್ ಮಾಡಿ ಮ್ಯಾಕಿಗೆ ಹಾಕಿ, ಅಲ್ಲಿಂದ ಒಂದು ಹೊರಗಿನ ಡಿಸ್ಕಿಗೂ ಇಳಿಸಿ ಬೀರುವಿನಲ್ಲಿಟ್ಟಿದ್ದ. ಹಳೇದು ಗುಬ್ಬಿಗೆ, ಸುಮನಾಳ ತಮ್ಮ ಷಡಕ್ಷರಿಯ ಕೊಬ್ಬರಿ ಮಂಡಿಗೆ ಹೋಗಿತ್ತು.

ಹಿಂದಿನ ದಿನದ ಸಿಡಿಲಿಗೆ ಮ್ಯಾಕ್ ಸುಟ್ಟುಹೋಗಿದ್ದು ಗೊತ್ತಾಗಿದ್ದು ಸ್ವಿಚ್ ಒತ್ತಿದ ಮೇಲೆ.

"ಗಾಬರಿ ಬೀಳಬೇಡ, ಡಿಸ್ಕಲ್ಲಿ ಎಲ್ಲಾ ಇದೆ," ಎಂದ ಬಸವರಾಜ್.

ಡಿಸ್ಕ್ ಹಿಡಿದು ಇಬ್ಬರೂ ಪಕ್ಕದ ಬೀದಿಯ ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯವನು ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಬೇಕೆ ಎಂದು ಪರದೆಯ ಮೇಲೆ ಪ್ರಶ್ನೆ ಬಂತು.

"ಖಾಲಿ ಡಿಸ್ಕು ಸರ್ ಇದು. ಫಾರ್ಮ್ಯಾಟ್ ಕೊಟ್ಬುಡ್ಲಾ?" ಎನ್ನುತ್ತಲೇ ಮೌಸ್ ಎಳೆದ.

ಸುಮನಾ ಅವನ ಮಣಿಕಟ್ಟು ಹಿಡಿದುಬಿಟ್ಟಳು. "ಬೇಡ. ಏನೂ ಒತ್ತಬೇಡಿ." ಒತ್ತಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತಿತ್ತು. ಡಿಸ್ಕನ್ನು ಬಿಡಿಸಿಕೊಂಡು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದಳು. "ಖಾಲಿ ಅಂತಾನಲ್ರೀ?"

"ಮ್ಯಾಕಲ್ಲಿ ಬರೆದಿದ್ದು ಈ ವಿಂಡೋಸ್ ಕಂಪ್ಯೂಟರಿಗೆ ಕಾಣಲ್ಲ ಅನ್ಸುತ್ತೆ," ಎಂದ ಬಸವರಾಜ್. ಅನ್ಸುತ್ತೆ ಎಂಬ ಆ ಮಾತೇ ಅವಳನ್ನು ಹೆದರಿಸಿತು.

ಹಳೇ ಕಂಪ್ಯೂಟರಿನಲ್ಲಿ ಏನಾದರೂ ಉಳಿದಿದೆಯೇ ಎಂದು ಅಲ್ಲಿಂದಲೇ ಗುಬ್ಬಿಗೆ ಫೋನ್ ಮಾಡಿದಳು. "ಬಂದ ವಾರಾನೇ ಎಲ್ಲಾ ಅಳಿಸಿ ಹೊಸದಾಗಿ ಹಾಕಿಸ್ದೆ ಅಕ್ಕ," ಎಂದ ಷಡಕ್ಷರಿ. "ಭಾವನೇ ಹೇಳಿದ್ರಲ್ಲ, ಎಲ್ಲಾ ಕಾಪಿ ಆಗಿದೆ ಅಂತ."

ಉಳಿದದ್ದು ಕುಣಿಗಲ್; ಪಾಷಾ ಅವರ ಪ್ರೆಸ್ಸಿನಲ್ಲಿ ಇನ್ನೊಂದು ಮ್ಯಾಕ್ ಇತ್ತು. ಗಂಗಾಳನ್ನು ಅತ್ತೆಯ ಹತ್ತಿರ ಬಿಟ್ಟು ಬಸ್ ಹತ್ತಿದರು. ಬಸ್ಸು ಕುಲುಕಿದಾಗಲೆಲ್ಲ ಸುಮನಾ ಡಿಸ್ಕನ್ನು ತೊಡೆಯಿಂದ ಮೇಲಕ್ಕೆತ್ತಿ ಹಿಡಿಯುತ್ತಿದ್ದಳು. ಬಸವರಾಜ್ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ಅವನನ್ನು ಬೈಯಬೇಕೆನಿಸಿತು, ಆದರೆ ಅವನ ಕಾಲು ಒಂದೇ ಸಮ ಅಲ್ಲಾಡುತ್ತಿರುವುದನ್ನು ನೋಡಿ ಸುಮ್ಮನಾದಳು.

ಅಹಮದ್ ಪಾಷಾ ಲಗ್ನಪತ್ರಿಕೆ ಕೆಲಸ ಪಕ್ಕಕ್ಕೆ ಸರಿಸಿ ಅವರಿಗೆ ಸ್ಟೂಲ್ ಹಾಕಿದರು. "ಬರುತ್ತೋ ಇಲ್ವೋ ಗ್ಯಾರಂಟಿ ಕೊಡಲ್ಲಮ್ಮ, ನೋಡೋಣ," ಎಂದು ತಮ್ಮ ಮ್ಯಾಕಿಗೆ ಡಿಸ್ಕ್ ಸಿಕ್ಕಿಸಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪರದೆಯ ಮೂಲೆಯಲ್ಲಿ ಡಿಸ್ಕಿನ ಚಿತ್ರ ಮೂಡಿತು. ಫೋಲ್ಡರ್‌ಗಳು ಸಾಲಾಗಿ ತೆರೆದುಕೊಂಡವು. ಬಸವರಾಜ್ ಕರ್ಚೀಫಿನಿಂದ ಮುಖ ಒರೆಸಿಕೊಂಡ.

2006ರ ಫೋಲ್ಡರಿನಲ್ಲಿ ಹುಟ್ಟುಹಬ್ಬವಿತ್ತು, ಮಾರ್ಕೋನಹಳ್ಳಿ ಡ್ಯಾಮಿಗೆ ಹೋಗಿದ್ದಿತ್ತು. ಆ ವಿಡಿಯೋ ಇರಲಿಲ್ಲ. 2007ರಲ್ಲೂ ಇರಲಿಲ್ಲ. ಸುಮನಾ ಪರದೆಯ ಹತ್ತಿರಕ್ಕೆ ಬಗ್ಗಿದಳು.

"2000 ಅಂತ ಒಂದಿದೆ," ಎಂದರು ಪಾಷಾ.

"ನಮ್ ಮದುವೆ ಆಗಿದ್ದೇ ಅದಾದ್ಮೇಲೆ," ಎಂದ ಬಸವರಾಜ್. ಹಾಗೆಂದವನೇ ತಡೆದು, "ಬ್ಯಾಟರಿ ತೆಗೆದಾಗಲೆಲ್ಲ ಆ ಕ್ಯಾಮೆರಾದ ತಾರೀಕು 2000ಕ್ಕೆ ಹಿಂದೆ ಹೋಗ್ತಿತ್ತು. ತೆಗೀರಿ ಅದನ್ನ," ಎಂದ.

ಅದರಲ್ಲಿತ್ತು. ಗಂಗಾ ಚಾಪೆಯ ಮೇಲೆ ಕೂತು ಲೋಟ ಜೋಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ತುಟಿ ಒಂದು ಕಡೆ ಎಳೆಯಿತು, ಕೈ ಸೆಟೆಯಿತು, ಲೋಟ ಉರುಳಿತು. ಪಾಷಾ ಮೆಲ್ಲಗೆ ಎದ್ದು ಬಾಗಿಲಾಚೆ ಹೋಗಿ ನಿಂತರು.

ಸುಮನಾ ಗಂಡನಿಂದ ಮತ್ತೊಮ್ಮೆ ಹಾಕಿಸಿದಳು. ಕಪ್ಪು ಬಳೆ ಇದ್ದ ಕೈ ಅದು. ಗಂಗಾ ಬಳೆ ಹಾಕುತ್ತಿದ್ದದ್ದು ಬಲಗೈಗೆ ಮಾತ್ರ.

"ಬಲಗೈ ರೀ," ಎಂದಳು. "ಅವಳೆದುರಿಗೆ ಕೂತಿದ್ದೆ. ನನ್ನ ಎಡಕ್ಕೆ ಕಂಡಿದ್ದನ್ನ ಅವಳ ಎಡಗೈ ಅಂದ್ಕೊಂಡ್ಬಿಟ್ಟೆ."

ಪಾಷಾ ವಿಡಿಯೋವನ್ನು ಸಿ.ಡಿ.ಗೆ ಬರೆದು, ಮುಂಗಟ್ಟಿನ ವಿಂಡೋಸ್ ಕಂಪ್ಯೂಟರಿನಲ್ಲೂ ಓಡಿಸಿ ತೋರಿಸಿದ ಮೇಲೆಯೇ ಅವಳು ಎದ್ದಳು.

ಮರುದಿನ ಡಾಕ್ಟರು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು. ಬರೆದಿಟ್ಟಿದ್ದ ಹೊಸ ಮಾತ್ರೆಯ ಚೀಟಿಯನ್ನು ಪಕ್ಕಕ್ಕಿಟ್ಟರು. "ಎಡಗೈ ಅಂತಲೇ ನಂಬಿದ್ದೆ. ಇನ್ನೊಂದು ಟೆಸ್ಟ್ ಆಗಲಿ, ಆಮೇಲೆ ಮಾತ್ರೆ ನೋಡೋಣ," ಎಂದರು. ಟೆಸ್ಟ್ ಎಂದರೆ ಮತ್ತೆ ಕಾಯುವುದು. ಆದರೂ ಸುಮನಾಳಿಗೆ ಉಸಿರು ಸರಾಗವಾಯಿತು.

ಆ ವಾರವೇ ಅವಳು ಪಾಷಾ ಅವರ ಪ್ರೆಸ್ಸಿನಲ್ಲಿ ಗಂಡನ ಪಕ್ಕ ಕೂತು ಎಲ್ಲವನ್ನೂ ಡಿ.ವಿ.ಡಿ.ಗಳಿಗೆ ಎರಡೆರಡು ಸಲ ಬರೆಸಿದಳು. ಒಂದು ಕಟ್ಟನ್ನು ಗುಬ್ಬಿಗೆ ತಾನೇ ಒಯ್ದಳು.

"ಬೀರುವಲ್ಲಿಡ್ತೀನಿ ಬಿಡಕ್ಕ," ಎಂದ ಷಡಕ್ಷರಿ.

"ಇಡೋದಿರ್ಲಿ, ಮೊದಲು ಒಂದೊಂದಾಗಿ ಹಾಕಿ ತೋರಿಸು," ಎಂದು ಅವಳು ಕುರ್ಚಿ ಎಳೆದುಕೊಂಡು ಕೂತಳು.