ಹುಟ್ಟು ಕಚ್ಚಿದ ಲಾಸರ್

ಲಾಸರನ ಎರಡೂ ಕಿವಿ ಕೆಟ್ಟು ಒಂದು ಮಳೆಗಾಲ ಕಳೆದಿತ್ತು. ಕೀವು ಸುರಿದು, ಒಣಗಿ, ಒಳಗೆ ಹತ್ತಿ ತುರುಕಿದ ಹಾಗಾಗಿತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಕೇರಳದ ವಿಳಿಞ್ಞದ ಕಡಲಲ್ಲಿ ಅವನಿಗೆ ಅನ್ನ ಹಾಕುತ್ತಿದ್ದುದೇ ಕಿವಿ. ದೋಣಿಯ ಮುಂತುದಿಯಲ್ಲಿ ಕೂತು, ಹುಟ್ಟನ್ನು ನೀರಿಗಿಳಿಸಿ, ಅದರ ಹಿಡಿಗೆ ಕಿವಿ ಒತ್ತಿ, ತಳದಲ್ಲಿ ಗೊರಗುಟ್ಟುವ ಕೋರ ಮೀನಿನ ಹಿಂಡು ಯಾವ ಕಡೆಗಿದೆ ಎಂದು ಕೈ ತೋರಿಸುವವನು ಅವನು. ಕಿವುಡನೆಂದು ಗೊತ್ತಾದರೆ ಆ ಜಾಗ ಹೋದಂತೆಯೇ. ಮುದುಕರ ಜೊತೆ ದಡದಲ್ಲಿ ಹರಿದ ಬಲೆ ಹೊಲಿಯುತ್ತ ಕೂರಬೇಕು.

ಹಾಗಾಗಿ ದಿನಾ ಕಿವಿ ಒತ್ತುತ್ತಿದ್ದ, ದಿನಾ ಸುಳ್ಳು ದಿಕ್ಕು ತೋರಿಸುತ್ತಿದ್ದ. ಬಲೆ ಖಾಲಿ ಬಂದರೆ ನೀರಿನ ಸೆಳೆತವನ್ನು ಬೈಯುತ್ತಿದ್ದ. ದೋಣಿಯಲ್ಲಿ ಇದ್ದವರೇ ಇಬ್ಬರು, ಅವನು ಮತ್ತು ಅವನ ಹೆಂಡತಿಯ ತಮ್ಮ ಕ್ಲೀಟಸ್. ತಪ್ಪಿಸಿಕೊಂಡು ಹೋಗಲು ಜಾಗವಿಲ್ಲ. ಕ್ಲೀಟಸ್ ಬಾಯಾಡಿಸಿದಾಗೆಲ್ಲ ತುಟಿ ನೋಡಿ ಹೂಂಗುಟ್ಟುವುದು, ಅವನು ನಕ್ಕರೆ ತಾನೂ ನಗುವುದು. ಥೂ, ಅದೂ ಒಂದು ಬದುಕೇ.

ಆ ಬೆಳಿಗ್ಗೆ ಹಿಂದಿನಿಂದ ಭುಜಕ್ಕೆ ಏಟು ಬಿತ್ತು. ತಿರುಗಿದರೆ ಕ್ಲೀಟಸನ ಮುಖ ಕೆಂಪೇರಿತ್ತು. ತುಟಿಗಳು ನಿಧಾನವಾಗಿ ಆಡಿದವು.

"ಎಷ್ಟು ಸಲ ಕರೀಲಿ ಭಾವ?"

ಕಡಲಿನ ಗದ್ದಲದಲ್ಲಿ ಕೇಳಿಸಲಿಲ್ಲ ಎಂದ ಲಾಸರ್. ಕಡಲು ಎಣ್ಣೆಯ ಹಾಗೆ ಸುಮ್ಮನೆ ಮಲಗಿತ್ತು.

ಕ್ಲೀಟಸ್ ಹುಟ್ಟನ್ನೇ ಕಿತ್ತುಕೊಳ್ಳಲು ಕೈ ಹಾಕಿದ. ಲಾಸರ್ ಬಿಡಲಿಲ್ಲ. ಎಳೆದಾಟದಲ್ಲಿ ದೋಣಿ ವಾಲಿ, ನೀರಲ್ಲಿದ್ದ ಹುಟ್ಟಿನ ಹಿಡಿ ಬಂದು ಲಾಸರನ ಬಾಯಿಗೆ ಬಡಿಯಿತು. ಸಿಟ್ಟಿನಲ್ಲಿ ಅದನ್ನೇ ಕಚ್ಚಿ ಹಿಡಿದ, ನಾಯಿ ಎಲುಬು ಹಿಡಿದ ಹಾಗೆ.

ಗೊರ್, ಗೊರ್. ದವಡೆಯಲ್ಲಿ, ತಲೆಬುರುಡೆಯಲ್ಲಿ. ಕೆಟ್ಟ ಕಿವಿಯ ದಾರಿಯನ್ನು ಬಿಟ್ಟು ಸದ್ದು ನೀರಿನಿಂದ ಮರಕ್ಕೆ, ಮರದಿಂದ ಹಲ್ಲಿಗೆ, ಹಲ್ಲಿನಿಂದ ಎಲುಬಿಗೆ ನಡುಗುತ್ತ ಬಂದಿತ್ತು. ಹುಟ್ಟನ್ನು ಮೆಲ್ಲಗೆ ತಿರುಗಿಸಿದ. ದಕ್ಷಿಣಕ್ಕೆ ಜೋರಾಯಿತು. ಬಾಯಿ ಬಿಡದೆ ಆ ಕಡೆ ಕೈ ತೋರಿಸಿದ.

ಕ್ಲೀಟಸ್ ಮುಖ ಗಂಟಿಕ್ಕಿಕೊಂಡೇ ಬಲೆ ಬಿಟ್ಟ. ಇಬ್ಬರೂ ಸೇರಿ ಎಳೆಯುವಾಗ ಭಾರಕ್ಕೆ ದೋಣಿಯ ಅಂಚು ನೀರು ಮುಟ್ಟಿತು.

ಒದ್ದಾಡುವ ಮೀನಿನ ನಡುವೆ ಲಾಸರ್ ಮತ್ತೆ ಹುಟ್ಟು ಕಚ್ಚಿ ಕೂತ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಕ್ಲೀಟಸ್ ಅವನ ಕಿವಿ ನೋಡಿದ, ಹುಟ್ಟು ಕಚ್ಚಿದ ಹಲ್ಲು ನೋಡಿದ. ಆಮೇಲೆ ಬಗ್ಗಿ, ಹುಟ್ಟಿನ ನಡುವಿಗೆ ತಾನೂ ಹಲ್ಲು ಊರಿ, ಮರದೊಳಕ್ಕೇ ಬೈದ.

"ಕತ್ತೆ ಭಾವ, ಮೊದಲೇ ಬೊಗಳೋಕೆ ಏನಾಗಿತ್ತು ನಿಂಗೆ? ಮುಂದ್ಗಡೆ ನೀನೇ ಕೂತ್ಕೊ."

ಮಳೆಗಾಲದಿಂದೀಚೆಗೆ ಲಾಸರ್ ಕೇಳಿದ ಮನುಷ್ಯನ ಮೊದಲ ಮಾತು ಅದು. ಕ್ಲೀಟಸ್ ಮರದಿಂದ ಬಾಯಿ ಎತ್ತಿದ. ಮತ್ತೆ ಮಾತು ಕೇಳದಾಯಿತು. ತುಟಿಗಳು ಇನ್ನೂ ಏನೋ ಬೈಯುತ್ತಲೇ ಇದ್ದವು.

ಲಾಸರ್ ಹುಟ್ಟನ್ನು ಅವನ ಬಾಯಿಯ ಕಡೆಗೆ ಇನ್ನಷ್ಟು ಚಾಚಿದ.